ನಾಲ್ಕನೇ ಜ್ವರ

ಗುಡೇಮಾರನಹಳ್ಳಿ,
೧೯ ನವೆಂಬರ್ ೧೯೮೪

ಪ್ರೀತಿಯ ಕಾವೇರಕ್ಕನಿಗೆ,

ನಿನ್ನ ತಂಗಿ ಭದ್ರಮ್ಮ ಮಾಡುವ ನಮಸ್ಕಾರಗಳು. ಭಾವನವರಿಗೂ ನಿನ್ನ ಅತ್ತೆಯವರಿಗೂ ನನ್ನ ವಂದನೆಗಳನ್ನು ತಿಳಿಸು. ನಿನ್ನ ಮೊದಲ ಕಾಗದ ಬಂದು ಇಪ್ಪತ್ತಾರು ದಿನಗಳಾದವು, ಎರಡನೆಯದು ಬಂದು ಒಂಬತ್ತು. ಕೆಲಸ ಹೆಚ್ಚಾಗಿತ್ತೆಂದು ಬರೆದರೆ ನೀನು ನಂಬುತ್ತೀಯೆ. ಆದ್ದರಿಂದಲೇ ಹಾಗೆ ಬರೆಯಲಾರೆ. ನಾಲ್ಕು ಸಲ ಬರೆಯಲು ಕುಳಿತೆ, ನಾಲ್ಕು ಸಲವೂ ಎರಡನೇ ಸಾಲಿನಲ್ಲಿ ನಿಂತೆ. ತಡವನ್ನು ಮನ್ನಿಸು.

ನೀನು ಕೇಳಿರುವುದು ಸರಳವಾದ ಪ್ರಶ್ನೆ. ಚೊಚ್ಚಲ ಹೆರಿಗೆ, ಅವ್ವ ಇದ್ದಿದ್ದರೆ ತವರಿನಲ್ಲಿ ಆಗುತ್ತಿತ್ತು. ಈಗ ಅತ್ತೆಯವರು ಬೈರಮಂಗಲದ ಮನೆಯಲ್ಲೇ ಸೂಲಗಿತ್ತಿಯ ಕೈಯಲ್ಲಿ ಆಗಲಿ ಎನ್ನುತ್ತಾರೆ, ಭಾವನವರು ಆಸ್ಪತ್ರೆ ಎನ್ನುತ್ತಾರೆ. ನೀನಂತೂ ಎಲ್ಲಾದರೂ ಸರಿ, ಭದ್ರ ಪಕ್ಕದಲ್ಲಿರಬೇಕು ಎಂದು ಹಟ ಹಿಡಿದಿದ್ದೀಯೆ. ಹೆರಿಗೆ ಎಲ್ಲಿ ಆಗಬೇಕೆಂಬ ಪ್ರಶ್ನೆ ನಮ್ಮ ನರ್ಸ್ ತರಬೇತಿಯ ಪರೀಕ್ಷೆಯಲ್ಲೂ ಬಂದಿತ್ತು. ಎರಡೂವರೆ ಪುಟ ಬರೆದು ಹತ್ತಕ್ಕೆ ಒಂಬತ್ತೂವರೆ ಅಂಕ ಪಡೆದಿದ್ದೆ. ಇಡೀ ತಂಡಕ್ಕೆ ಮೊದಲಿಗಳಾದ ನನಗೆ ಇಂದು ನಿನಗೆ ಹೇಳಲು ಎರಡೂವರೆ ಸಾಲೂ ಹೊಳೆಯುತ್ತಿಲ್ಲ. ಏಕೆಂದು ಹೇಳುತ್ತೇನೆ.

ರೇಷ್ಮೆಗೂಡಿನ ಬೆಲೆ ಏರಿದಾಗಿನಿಂದ ಈ ಊರಿನಲ್ಲಿ ಹುಳುಗಳು ನಡುಮನೆಗೆ ಬಂದಿವೆ, ಮನುಷ್ಯರು ಜಗಲಿಗೆ ಹೋಗಿದ್ದಾರೆ. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆಯೆತ್ತಿ, ಒಂದು ದಿನ ಅಲುಗಾಡದೆ ಮಲಗಿ, ಪೊರೆ ಕಳಚಿ ಏಳುತ್ತದೆ. ಇದನ್ನು ಇಲ್ಲಿನವರು ಜ್ವರ ಎನ್ನುತ್ತಾರೆ: ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ. ನಾನು ಬಂದ ಮೊದಲ ತಿಂಗಳು ಒಂದು ಮನೆಯವರು ‘ನಮ್ಮನೇಲಿ ಎಲ್ಲಕ್ಕೂ ಜ್ವರ’ ಎಂದಾಗ ಥರ್ಮಾಮೀಟರು, ರಕ್ತ ತೆಗೆಯುವ ಸೂಜಿ ಹಿಡಿದು ಓಡಿದೆ. ಹುಳುವಿನ ತಟ್ಟೆಗಳ ಮುಂದೆ ನಿಲ್ಲಿಸಿ ನಕ್ಕರು. ಹುಳುವಿನ ಕಂಕುಳಿಗೆ ಥರ್ಮಾಮೀಟರಿಟ್ಟ ನರ್ಸಮ್ಮ ಎಂಬ ಮಾತು ಮಾಗಡಿಯ ಬಸ್ಸಿನವರೆಗೂ ಹೋಯಿತು. ನನ್ನ ಸ್ವಭಾವ ನಿನಗೆ ಗೊತ್ತು. ಹದಿನೈದೇ ದಿನಗಳಲ್ಲಿ, ಜ್ವರದ ತಟ್ಟೆಗೆ ಸುಣ್ಣದ ಪುಡಿ ಉದುರಿಸುವುದನ್ನೂ ಸೇರಿಸಿ, ರೇಷ್ಮೆಯ ಪಾಠವನ್ನೆಲ್ಲ ಕಲಿತುಬಿಟ್ಟೆ. ಮತ್ತೆ ಯಾರೂ ನನ್ನನ್ನು ನೋಡಿ ನಗಬಾರದಿತ್ತು.

ಇಲ್ಲಿ ಕುರಿಯನ್ನೂ ಹುಳುವನ್ನೂ ಸಾಕುವ ಕಾಳಯ್ಯನವರ ಸೊಸೆ ಲಕ್ಷ್ಮಿದೇವಮ್ಮ ಎಂಬುವಳು ಎರಡನೇ ಬಸುರಿಯಾದಾಗ ಮೂರನೇ ತಿಂಗಳಿನಿಂದ ನಾನೇ ನೋಡಿಕೊಂಡೆ. ಅವಳ ರಕ್ತದೊತ್ತಡ, ತೂಕ ಎಲ್ಲವೂ ನನಗೆ ಬಾಯಿಪಾಠ. ಅವಳು ಬೆಲ್ಲವನ್ನು ಅತ್ತೆಗೆ ಕಾಣದಂತೆ ಎಲ್ಲಿ ಬಚ್ಚಿಡುತ್ತಾಳೆಂಬುದೂ ಗೊತ್ತಿತ್ತು. ಹೆರಿಗೆಯ ವಾರದಲ್ಲೇ ಹುಳುವಿನ ನಾಲ್ಕನೇ ಜ್ವರವೂ ಬರುವುದೆಂದು ಅತ್ತೆ ದಾಸಮ್ಮ ಲೆಕ್ಕ ಹಾಕಿ ಹೇಳಿದರು: “ಹೆರಿಗೆ ಎಲ್ಲಾರ ಆಗ್ಲಿ ಕಣವ್ವ, ಹುಳಿನ ಮನೇಲಿ ಮಾತ್ರ ಬ್ಯಾಡ. ಪುರುಡಿನ ಮೈಲ್ಗೆ ಸೋಕುದ್ರೆ ಒಂದ್ ಹುಳಾನೂ ಗೂಡು ಕಟ್ಟಾಕಿಲ್ಲ.” ಕುರಿದೊಡ್ಡಿಯ ಪಕ್ಕದ ಚಾವಡಿಯನ್ನು ಗುಡಿಸಿ ಕೊಡುತ್ತೇವೆ, ಮಾರಮ್ಮ ಬರುತ್ತಾಳೆ ಎಂದರು. ಮಾರಮ್ಮ ಈ ಊರಿನ ಸೂಲಗಿತ್ತಿ. ಲಕ್ಷ್ಮಿದೇವಮ್ಮನ ಗಂಡ ಹುಟ್ಟಿದಾಗ ಕೈಗೆ ಹಿಡಿದವಳೂ ಅವಳೇ.

ಲಕ್ಷ್ಮಿದೇವಮ್ಮ ಮಾತ್ರ ನನ್ನ ಕೈ ಹಿಡಿದುಕೊಂಡು, “ಮಾರಮ್ಮನೂ ಇರ್ಲಿ, ನೀವೂ ಇರಿ. ಇಬ್ರೂ ಇದ್ರೆ ನಂಗೆ ಎಲ್ಲಾದ್ರೂ ಭಯ ಇಲ್ಲ” ಎಂದಳು. ಅಕ್ಷರ ಬಾರದ ಮುದುಕಿಯ ಜೊತೆಗೆ ನನ್ನನ್ನು ಒಂದೇ ಉಸಿರಿನಲ್ಲಿ ಹೇಳಿದಳಲ್ಲ ಎಂದು ನನಗೆ ನೋವಾಯಿತು. ಚಾವಡಿಯೂ ಬೇಡ, ಮಾರಮ್ಮನೂ ಬೇಡ, ಪೇಟೆಯ ಆಸ್ಪತ್ರೆಗೆ ನಾನೇ ಕರೆದೊಯ್ಯುತ್ತೇನೆ, ಕೊನೆಯವರೆಗೂ ನಾನೇ ನೋಡುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟೆ.

ಕರೆದೊಯ್ದೆ. ಆಸ್ಪತ್ರೆಯ ಹೆರಿಗೆ ಕೋಣೆಯ ಬಾಗಿಲಲ್ಲಿ ನನ್ನ ಕೈಯಿಂದ ಅವಳ ತಪಾಸಣೆಯ ಕಾರ್ಡು ತೆಗೆದುಕೊಂಡು, ನಿಮ್ಮ ಕೆಲಸ ಇಲ್ಲಿಗೆ ಮುಗಿಯಿತು ಎಂದರು. ಒಳಗೆ ಮೂರು ಪಾಳಿ ಬದಲಾದವಂತೆ. ಮೂವರು ಹೊಸಬರೂ ಇದು ಎಷ್ಟನೆಯ ಹೆರಿಗೆಯೆಂದು ಅವಳನ್ನು ಮೊದಲಿನಿಂದ ಕೇಳಿದರಂತೆ. ಯಾರೂ ಕೆಟ್ಟವರಲ್ಲ ಅಕ್ಕ, ಹೆರಿಗೆಯೂ ಚೆನ್ನಾಗಿಯೇ ಆಯಿತು, ಹೆಣ್ಣುಮಗು. ಎರಡನೇ ದಿನ ಮನೆಗೆ ಕಳುಹಿಸಿದರು. ಮನೆಯೆಂದರೆ ಅದೇ ಚಾವಡಿ. ಮೂರನೇ ದಿನ ನಾನು ಹೋಗಬೇಕಿತ್ತು. ಅಷ್ಟರಲ್ಲಿ ಸಂತಾನ ನಿಯಂತ್ರಣದ ಶಿಬಿರಕ್ಕೆಂದು ಮಾಗಡಿಗೆ ಕರೆ ಬಂತು. ನಾಲ್ಕು ದಿನ ಅಲ್ಲೇ ಉಳಿದೆ. ಮಾರಮ್ಮನನ್ನು ನಾನೇ ದೂರವಿಟ್ಟಿದ್ದೆನಾದ್ದರಿಂದ ಅವಳೂ ಹೋಗಲಿಲ್ಲ.

ಹಿಂದಿರುಗಿದ ಸಂಜೆ ಬಾಗಿಲ ಬೀಗ ತೆಗೆಯುತ್ತಿದ್ದಾಗ ಕಾಳಯ್ಯನವರು ಬೇಲಿಯಾಚೆ ಬಂದು ನಿಂತರು. ಒಳಗೆ ಬರಲು ಸಂಕೋಚ.

“ಮನೇಲಿ ಜ್ವರ ಕಣವ್ವ. ನೆನ್ನೆಯಿಂದ ಎದ್ದೇ ಇಲ್ಲ.”

ನಾನು ನಕ್ಕೆ ಅಕ್ಕ. ಈ ಸಲ ನಗುವ ಸರದಿ ನನ್ನದೆಂದು ನಕ್ಕೆ. ನಾಲ್ಕನೇ ಜ್ವರವೆಂದುಕೊಂಡು, ಒಂದೂವರೆ ದಿನ ಹಿಡಿಯುತ್ತದೆ, ಗಾಬರಿ ಬೇಡ ಎಂದೆ. ತೆಳ್ಳಗೆ ಸುಣ್ಣದ ಪುಡಿ ಉದುರಿಸಿ, ಗಾಳಿಯಾಡಲಿ, ತಾನಾಗಿ ಏಳುವವರೆಗೆ ಮುಟ್ಟಬೇಡಿ, ತಿನ್ನಲು ಏನೂ ಕೊಡಬೇಡಿ ಎಂದೆ.

“ಸುಣ್ಣವಾ?” ಎಂದರು.

“ಹೌದು, ಸುಣ್ಣವೇ. ನನಗೂ ತಿಳಿದಿದೆ ಕಾಳಯ್ಯನವರೇ.”

ತಲೆಯಾಡಿಸಿ ಹೊರಟುಹೋದರು.

ಮರುದಿನ ಮಧ್ಯಾಹ್ನ ಮಾರಮ್ಮ ಬಂದಳು. ಕುರಿದೊಡ್ಡಿಯ ಪಕ್ಕದಲ್ಲಿ ಹಾದುಹೋಗುವಾಗ ಬಾಣಂತಿಯ ಕೊಳೆತ ವಾಸನೆ ಮೂಗಿಗೆ ಬಡಿದು ಒಳಗೆ ಇಣುಕಿ, ಸುಣ್ಣದ ವಿಷಯವನ್ನು ಕಾಳಯ್ಯನವರಿಂದ ಕೇಳಿ ಬಂದಿದ್ದಳಂತೆ. ಬಾಗಿಲಲ್ಲೇ ನಿಂತು, “ಜ್ವರ ಅಂದ್ರೆ ಹುಳೀಗೇ ಬರ್ಬೇಕಾ ಮಗ? ಮನ್ಸರಿಗೆ ಬರಾಕಿಲ್ವಾ?” ಎಂದಳು.

ಓಡಿದೆ. ಮಂಚದ ಸುತ್ತ, ಕಂಬಳಿಯ ಮೇಲೆ, ಅವಳ ಪಾದಗಳ ಮೇಲೆ ಬೆಳ್ಳಗೆ ಸುಣ್ಣ ಬಿದ್ದಿತ್ತು. ಒಂದು ಇರುಳು, ಅರ್ಧ ಹಗಲು ಯಾರೂ ಅವಳನ್ನು ಮುಟ್ಟಿರಲಿಲ್ಲ, ನೀರನ್ನೂ ಕೊಟ್ಟಿರಲಿಲ್ಲ. ಥರ್ಮಾಮೀಟರು ನೂರಾ ನಾಲ್ಕು ತೋರಿಸಿತು. ಕಾಳಯ್ಯನವರು ಮೂಲೆಯಲ್ಲಿ ನಿಂತು ಹೇಳಿದರು: “ಹುಳೀಗ್ ಮಾಡಾದನ್ನೇ ಹೇಳ್ತಾವ್ಳಲ್ಲ ಅನ್ನುಸ್ತು. ಮನ್ಸರಿಗೂ ಅದೇ ಇರ್ಬೋದೇನೋ ಅಂದ್ಕಂಡೆ ಕಣವ್ವ. ಓದಿರೋಳಲ್ವಾ ನೀನು.”

ಸೊಪ್ಪಿನ ಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದೆವು. ಮಾರಮ್ಮ ದಾರಿಯುದ್ದಕ್ಕೂ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆ ಅದ್ದಿ ತುಟಿ ಒದ್ದೆ ಮಾಡುತ್ತಿದ್ದಳು. ಹನ್ನೊಂದು ದಿನ ಅಲ್ಲಿದ್ದು ಲಕ್ಷ್ಮಿದೇವಮ್ಮ ಬದುಕಿ ಬಂದಿದ್ದಾಳೆ. ಎದೆಹಾಲು ಬತ್ತಿದೆ. ಮಗುವಿಗೆ ಮಾರಮ್ಮ ಒಳಲೆಯಲ್ಲಿ ಹಸುವಿನ ಹಾಲು ಕುಡಿಸುತ್ತಾಳೆ. ಈಗ ಇಬ್ಬರೂ ದಿನಾ ಹೋಗುತ್ತೇವೆ. ಹುಳುಗಳಂತೂ ಚೆನ್ನಾಗಿ ಗೂಡು ಕಟ್ಟಿದವು. ಪುರುಡನ್ನು ದೂರವಿಟ್ಟದ್ದೇ ಕಾರಣವೆಂದು ದಾಸಮ್ಮ ಹೇಳುತ್ತಾರೆ.

ಇದರಲ್ಲಿ ತಪ್ಪು ಯಾವ ಜಾಗದ್ದು ಹೇಳು. ಆಸ್ಪತ್ರೆಯದೆನ್ನಲೇ? ಅಲ್ಲಿ ಮಗು ಸುಖವಾಗಿ ಹುಟ್ಟಿತು. ಚಾವಡಿಯದೆನ್ನಲೇ? ಅಲ್ಲಿಯೇ ಹೆತ್ತಿದ್ದರೆ ಮಾರಮ್ಮ ಹತ್ತು ದಿನವೂ ಬಿಸಿನೀರೆರೆಯಲು ಬರುತ್ತಿದ್ದಳು, ಮೈ ಮುಟ್ಟಿ ಮೊದಲ ದಿನವೇ ತಿಳಿಯುತ್ತಿದ್ದಳು. ಆದರೆ ಅಲ್ಲಿ ರಕ್ತ ನಿಲ್ಲದೆ ಹೋಗಿದ್ದರೆ? ಯೋಚಿಸಿದಷ್ಟೂ ತೊಡಕಾಗುತ್ತದೆ. ನಿನ್ನ ಅತ್ತೆಯವರು ಸರಿಯೋ ಭಾವನವರು ಸರಿಯೋ ನನಗೆ ನಿಜವಾಗಿಯೂ ತಿಳಿಯದು. ಎಲ್ಲಿ ಹೆತ್ತರೂ, ಐದನೇ ದಿನ ನಿನ್ನ ಹಣೆ ಮುಟ್ಟಿ ನೋಡುವವರು ಯಾರು ಎಂದು ಇಬ್ಬರನ್ನೂ ಕೇಳು. ಇಬ್ಬರಲ್ಲಿ ಯಾರ ಬಳಿ ಉತ್ತರವಿದೆಯೋ ಅವರ ಮಾತು ಕೇಳು ಎನ್ನಬೇಕೆನಿಸುತ್ತದೆ. ಅದೂ ಸರಿಯೋ ಕಾಣೆ.

ಕಾಲು ಊದಿಕೊಂಡರೆ ಉಪ್ಪು ಕಡಿಮೆ ಮಾಡು, ಕಣ್ಣು ಮಂಜಾದರೆ ಒಂದು ದಿನವೂ ಕಾಯಬೇಡ. ನಿನ್ನ ಹೊಟ್ಟೆಯಲ್ಲಿರುವ ಕಂದ ನೂರು ವರ್ಷ ಬಾಳಲಿ, ನೀನು ನಗುತ್ತಾ ಅದನ್ನು ಎತ್ತಿಕೊಳ್ಳುವಂತಾಗಲಿ.

ಇಂತು ನಿನ್ನ ತಂಗಿ,
ಭದ್ರ

ಮತ್ತೆ ಬರೆದದ್ದು: ಅಂಟಿಸಿದ ಲಕೋಟೆಯನ್ನು ಬಿಚ್ಚಿದ್ದೇನೆ. ಜ್ವರ ತಿಳಿಯಲು ಏಕೆ ತಡವಾಯಿತೆಂದು ಮೇಲಿನವರು ವರದಿ ಕೇಳಿದ್ದರು. ‘ಮನೆಯವರು ಸಕಾಲದಲ್ಲಿ ತಿಳಿಸಲಿಲ್ಲ’ ಎಂದು ಬರೆದೆ. ಅಕ್ಷರ ಎಂದಿನಂತೆ ದುಂಡಗೆ ಬಂತು. ಕಾಳಯ್ಯನವರ ಹೆಬ್ಬೆಟ್ಟು ಬೇಕಿತ್ತು. ಓದಿ ಹೇಳಲೇ ಎಂದು ಕೇಳಿದೆ. “ಬ್ಯಾಡ ಬುಡವ್ವ. ನೀನು ಬರ್ದ ಮ್ಯಾಲೆ ಸರ್ಯಾಗೇ ಇರ್ತದೆ” ಎಂದರು. ಬೆರಳಿನ ಶಾಯಿ ಒರೆಸಿಕೊಳ್ಳಲು ನಾನೇ ಹತ್ತಿ ಕೊಟ್ಟೆ. ವರದಿ ಗುರುವಾರ ಹೋಯಿತು. ಇದನ್ನು ತಿಳಿದ ಮೇಲೂ ನಿನ್ನ ಪಕ್ಕದಲ್ಲಿ ನಾನೇ ಇರಬೇಕೆಂದರೆ ಒಂದು ಸಾಲು ಬರೆ, ರಜೆ ಹಾಕಿ ಬರುತ್ತೇನೆ. ಬೇಡವೆನಿಸಿದರೆ ಕಾರಣ ಬರೆಯಬೇಡ.