ಆಲದ ಮರಕ್ಕೆ ಕಟ್ಟಿದ್ದು

ಸಾನಮಾವು
12-6-1983

ಪ್ರೀತಿಯ ಕಮಲಕ್ಕನಿಗೆ,

ಗಂಗರತ್ನಳ ನಮಸ್ಕಾರಗಳು. ನಿನ್ನ ಕಾಗದ ಬಂದು ತಿಂಗಳಾಯಿತು. ಬಸುರಾದ ಮೇಲೆ ಇವಳಿಗೆ ಸೋಮಾರಿತನ ಬಂತು ಎಂದು ಕೃಷ್ಣಗಿರಿಯಲ್ಲಿ ಕೂತು ಬೈದಿರುತ್ತೀಯ. ಬೈದುಕೋ. ಈ ಮನೆಯಲ್ಲಿ ತಟ್ಟೆ ಮುಂದೆ ಕೂತರೇ ವಾಂತಿ ಬರುತ್ತದೆ, ಇನ್ನು ಪೆನ್ನು ಹಿಡಿಯುವುದೆಲ್ಲಿ ಬಂತು?

ಯುಗಾದಿಯಾದ ಮೇಲೆ ನಮ್ಮ ಕೆಂಪಿ ಹಸು ದಿನ ತುಂಬುವ ಮೊದಲೇ ಕಂದು ಹಾಕಿತು. ಸತ್ತ ಕರುವನ್ನೂ ಅದರ ಹಿಂದೆ ಬರುವ ಮಾಸನ್ನೂ ಅತ್ತೆ ದೊಡ್ಡಮುನಿಯಮ್ಮ ಬರಿಗೈಯಲ್ಲೇ ಎಳೆದರು. ಆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನಗೆ ಮುದ್ದೆ ಬಡಿಸಿದರು! ಕರುವನ್ನೇನೋ ಹೂಳಿಸಿದರು. ಮಾಸನ್ನು ಮಾತ್ರ ಹುಲ್ಲಿನಲ್ಲಿ ಸುತ್ತಿ, ಬಾವಿ ದಾರಿಯ ಆಲದ ಮರಕ್ಕೆ ಕಟ್ಟಿಸಿದರು. "ಆಲದ್ಮರ ಗೀರಿದ್ರೆ ಹಾಲು ಸುರೀತದೆ ಕಣಮ್ಮಿ. ಇಲ್ಲಿ ಕಟ್ಟಿದ್ರೆ ಹಸಕ್ಕೂ ಹಾಲು ಎಚ್ತದೆ" ಅಂದರು. ಬಿಸಿಲಿಗೆ ಅದು ಕೊಳೆತು ಸೋರತೊಡಗಿತು. ನೀರಿಗೆ ನಾನು ಅದರ ಕೆಳಗೇ ಹೋಗಬೇಕು. ಒಂದು ಹನಿ ತೋಳಿನ ಮೇಲೆ ಬಿತ್ತು. ಬೂದಿ ಹಾಕಿ ಚರ್ಮ ಕಿತ್ತು ಬರುವ ಹಾಗೆ ಉಜ್ಜಿದರೂ ವಾಸನೆ ಹೋಗಲಿಲ್ಲ.

ದನದ ಡಾಕ್ಟರು ಚಿನ್ನಪ್ಪನವರು ಕೆಂಪಿಯ ರಕ್ತ ಪರೀಕ್ಷೆ ಮಾಡಿಸಿ ಕಂದು ಹಾಕುವ ರೋಗ ಎಂದರು. ಈ ರೋಗಾಣುವನ್ನು ಮೈಯೊಳಗಿನ ಕಾವಲು ಜೀವಕೋಶ ನುಂಗುತ್ತದಂತೆ. ನುಂಗಿದರೂ ಅದು ಸಾಯುವುದಿಲ್ಲ. ಒಳಗೇ ಕೂತು, ಅಲ್ಲಿದ್ದದ್ದನ್ನೇ ತಿಂದು ಸಾವಿರವಾಗಿ, ಕೋಶವನ್ನು ಒಡೆದು ಹೊರಬಂದು ಪಕ್ಕದ್ದಕ್ಕೆ ನುಗ್ಗುತ್ತದಂತೆ. ಕೇಳಿ ಮೈಯೆಲ್ಲ ಹೇಸಿತು. "ಮಾಸಿನ ತುಂಬ ಅದೇ ಇರ್ತದಮ್ಮ. ಹಸಿ ಹಾಲಲ್ಲೂ ಇರ್ತದೆ. ಹೊಟ್ಟೇಲಿರೋದು ಉಳೀಬೇಕು ಅಂದ್ರೆ ಎರಡನ್ನೂ ಮುಟ್ಬೇಡ" ಅಂದರು.

ಅತ್ತೆ ನಕ್ಕುಬಿಟ್ಟರು. "ನಮ್ಮತ್ತೆ ಕಾಲ್ದಿಂದ ಕಟ್ತಾ ಇದೀವಿ. ಯಾರ್ ಸತ್ತವ್ರೆ?"

ನಮ್ಮ ಯಜಮಾನರು ಹೊಸೂರು ಫ್ಯಾಕ್ಟರಿಯಲ್ಲಿ ದಿನಾ ಸೇಫ್ಟಿ ಪಾಠ ಕೇಳುವವರು. ಆ ಮಹಾನುಭಾವರೇ ಕೆಂಪಿಯ ಹಸಿ ನೊರೆಹಾಲಿನ ಲೋಟ ತಂದು ಕೊಟ್ಟರು. "ಅಮ್ಮನ್ ಮನ್ಸು ಯಾಕೆ ನೋಯಿಸ್ತೀಯ? ಕುಡ್ದ್ಬುಡು" ಎಂದು, ಖಾಲಿಯಾಗುವವರೆಗೂ ಎದುರಿಗೇ ನಿಂತರು. ದಿನಾ ಬೆಳಗ್ಗೆ ಹೀಗೇ. ಆಮೇಲೆ ಸಂಜೆಯಾದರೆ ಜ್ವರ, ಕೀಲುಕೀಲೂ ನೋವು. ಈಗ ಆ ಹಾಲಿಗಿಂತ ಅವರ ಮುಖ ನೋಡಿದರೇ ಅಸಹ್ಯವಾಗುತ್ತದೆ ಅಕ್ಕ.

ಮಕ್ಕಳಿಗೆ ಹಾಲು ಚೆನ್ನಾಗಿ ಕಾಯಿಸಿ ಕೊಡು. ಚಿಕ್ಕಮ್ಮನ ಆಶೀರ್ವಾದ ತಿಳಿಸು, ನೂರು ವರ್ಷ ಬಾಳಲಿ. ಭಾವನಿಗೆ ನಮಸ್ಕಾರ. ಅವರಿಗೆ ರಜ ಸಿಕ್ಕರೆ ನನ್ನನ್ನು ಕರೆದುಕೊಂಡು ಹೋಗಲು ಕಳಿಸು.

ನಿನ್ನ ತಂಗಿ,
ಗಂಗರತ್ನ

ಇನ್ನೊಂದು ಮಾತು: ಅಮ್ಮನಿಗೆ ಈಗಲೇ ಹೇಳಬೇಡ. ಹೊಟ್ಟೆಯಲ್ಲಿದ್ದದ್ದು ಹೋದ ಶುಕ್ರವಾರ ಹೋಯಿತು. ಐದು ತಿಂಗಳಾಗಿತ್ತು. ಅದೇ ರೋಗವೋ ಏನೋ ಎಂದು ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡಿದ್ದಾರೆ, ಇನ್ನೂ ಏನೂ ಹೇಳಿಲ್ಲ. ಕೆಂಪಿ ಹಾಕಿದ್ದು ಹೆಣ್ಣು ಕರುವಾಗಿತ್ತು ಎಂದು ಅತ್ತೆ ಈಗಲೂ ಅಳುತ್ತಾರೆ. ನನ್ನದು ಏನಾಗಿತ್ತು ಎಂದು ಈ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ.