ಬುರುಜು ಓಣಿಗೆ ಬೇಕಾದ ಕಾಲು

ನಿಪ್ಪಾಣಿ, ಬುರುಜು ಓಣಿ
ನವೆಂಬರ್ ೨೯, ಶುಕ್ರವಾರ ಕಳೆದ ರಾತ್ರಿ

ಪ್ರೀತಿಯ ತಮ್ಮ ಸುಜಯನಿಗೆ,

ರಾತ್ರಿ ಒಂದೂವರೆ ಗಂಟೆ. ಹಲಗೆಯ ಸದ್ದಿಗೆ ಎಚ್ಚರವಾಯಿತು. ಎಚ್ಚರವಾಯಿತು ಎನ್ನುವುದೂ ಪೂರ್ತಿ ನಿಜವಲ್ಲ, ಆಗಷ್ಟೇ ರೆಪ್ಪೆಗೆ ರೆಪ್ಪೆ ಹತ್ತಿತ್ತು. ಓಣಿಯ ಹುಡುಗರ ಗರಡಿ, ಅದೇ ತಾಲೀಮು, ಅದರ ಕಟ್ಟೆಯ ಮೇಲೆ ಯಾರೋ ನಾಲ್ಕು ಪೆಟ್ಟು ಬಾರಿಸಿದರು, ಇನ್ಯಾರೋ "ಏ, ಕೂಸ ಮಲಗೇತಿ, ಬಂದ್ ಮಾಡಲೇ" ಎಂದು ಗದರಿದರು. ಸದ್ದು ನಿಂತಿತು, ಕೂಸು ಎದ್ದು ಕೂತಿತು. ಬಾರಿಸಿದ್ದು ನಿನ್ನ ಸಲುವಾಗಿಯೇ. ತಾಲೀಮಿನ ಫುಟ್‌ಬಾಲ್ ಟೀಮಿಗೆ ನೀನು ಸಹಿ ಮಾಡಿದೆ ಎಂದು ಯಾರದೋ ಮೊಬೈಲಿಗೆ ಸುದ್ದಿ ಬಂತಂತೆ, ಆಮೇಲೆ ಅದು ಸುಳ್ಳೆಂದು ತಿಳಿಯಿತಂತೆ. ಈ ವಾರ ಇಂಥ ಸುದ್ದಿ ಎಷ್ಟು ಬಂದವೋ ಎಷ್ಟು ಹೋದವೋ.

ಮೊದಲು ನೀನು ಹೇಗಿದ್ದೀ ಹೇಳು. ಹೊತ್ತಿಗೆ ಸರಿಯಾಗಿ ಊಟ ಆಗುತ್ತದೆಯೇ? ಕಾಲಿಗೆ ಪಟ್ಟಿ ಕಟ್ಟಿಕೊಂಡೇ ಓಡಾಡುತ್ತೀಯೋ, ರೂಮಿನ ಗೆಳೆಯರ ಮುಂದೆ ಬಿಚ್ಚಿಟ್ಟು ಗಟ್ಟಿಗನಂತೆ ತಿರುಗುತ್ತೀಯೋ? ಮೆಟ್ಟಿಲು ಇಳಿಯುವಾಗ ಒಳಗೆ ಕಟ್ ಎನ್ನುತ್ತಿತ್ತಲ್ಲ, ಈಗಲೂ ಎನ್ನುತ್ತದೆಯೇ? ಇಲ್ಲಿ ನಾವೆಲ್ಲ ಆರಾಮ. ನಿನ್ನ ಸೊಸೆ ಅಪೂರ್ವಾಗೆ ಕೆಳಗಿನ ಹಲ್ಲು ಎರಡು ಮೂಡಿವೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ, ನಿನ್ನೆ ಅವರಪ್ಪನ, ಅದೇ ನಿಮ್ಮ ದಾಜಿಯ, ಮೂಗು ಕಚ್ಚಿದಳು. ದಿಗ್ಗೇವಾಡಿಯಿಂದ ಅವ್ವ ಫೋನು ಮಾಡಿದ್ದಳು. ಅವಳಿಗೂ ನೀನು ಸಿಗುತ್ತಿಲ್ಲವಂತೆ. ಚಾರ್ಜು ಇರಲಿಕ್ಕಿಲ್ಲ ಎಂದು ಏನೋ ಹೇಳಿ ಸುಮ್ಮನಾಗಿಸಿದೆ.

ಮೂರು ದಿನದಿಂದ ನಿನ್ನ ಫೋನು ಬಂದ್ ಇದೆ, ಅದಕ್ಕೇ ಈ ಕಾಗದ. ಚಿಕ್ಕೋಡಿ ಕಾಲೇಜಿನ ಕೊನೆಯ ಪರೀಕ್ಷೆಯಾದ ಮೇಲೆ ನಾನು ಇಷ್ಟುದ್ದ ಬರೆಯಲು ಕೂತದ್ದು ಇವತ್ತೇ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ಒಂದು ತೊಡೆಯ ಮೇಲೆ ಕೂಸಿದೆ. ಮೂರೂವರೆಗೆ ಲಖನ ಹಾಲಿನ ಗಾಡಿ ಹೊಡೆದುಕೊಂಡು ಕೊಲ್ಹಾಪುರಕ್ಕೆ ಹೊರಡುತ್ತಾನೆ, ನಿನ್ನ ರೂಮಿನ ಮುಂದೆಯೇ ಹಾಯುತ್ತಾನೆ. ಬಾಗಿಲು ಬಡಿದು ನಿನ್ನ ಕೈಗೇ ಕೊಡಬೇಕೆಂದು ಹೇಳುತ್ತೇನೆ. ನೀನು ತೆಗೆಯದಿದ್ದರೆ ಕಿಟಕಿಯಿಂದ ಒಳಗೆ ಒಗೆಯುತ್ತಾನೆ. ಅವನು ನಮ್ಮ ತಾಲೀಮಿನ ಡಿಫೆಂಡರ್ ಎಂಬುದು ನಿನಗೆ ಗೊತ್ತೇ ಇದೆ, ಗುರಿ ತಪ್ಪಿದರೂ ಆಶ್ಚರ್ಯವಿಲ್ಲ, ಆದ್ದರಿಂದ ದಯವಿಟ್ಟು ಬಾಗಿಲು ತೆಗೆ.

ಇಲ್ಲಿ ಏನು ನಡೆದಿದೆ ಎಂದು ದೂರದಲ್ಲಿ ಕೂತ ನಿನಗೆ ತಿಳಿಯುವುದಿಲ್ಲ. ಕಳೆದ ವರ್ಷದ ಫೈನಲ್ಲಿನಲ್ಲಿ ಮೇಲಿನ ಪೇಟೆಯವರ ಎದುರು ಒಂದೂ ಗೋಲು ಹೊಡೆಯಲಾಗದೆ ಸೋತದ್ದು ಬುರುಜು ಓಣಿಗೆ ಇನ್ನೂ ಗಂಟಲಲ್ಲಿ ಕೂತಿದೆ. ಅಂದಿನಿಂದ ಒಂದೇ ಮಾತು: ಸ್ಟ್ರೈಕರ್ ಬೇಕು, ಅದೂ ಸುಜಯನೇ ಬೇಕು. ಅಕ್ಬರಸಾಬ ಚಾಚಾನ ಚಹಾದಂಗಡಿಯಲ್ಲಿ ಈಗ ಕಪ್ಪು ಹಿಡಿದವರಿಗಿಂತ ಮೊಬೈಲು ಹಿಡಿದು ಕೂತವರೇ ಹೆಚ್ಚು. ನೀನು ಫೋನು ಎತ್ತದಿರುವುದಕ್ಕೂ ಅಲ್ಲಿ ಅರ್ಥ ಹಚ್ಚಿದ್ದಾರೆ. "ದೊಡ್ಡ ಪ್ಲೇಯರ್ ಹಂಗ ಇರ್ತಾರಲೇ, ಹ್ಞೂಂ ಅನ್ನಾಕ ಅವಸರ ಮಾಡಂಗಿಲ್ಲ" ಎಂದು ಚಾಚಾ ಹೇಳಿದರೆ, "ಅಂವಗ ಹತ್ತನೇ ನಂಬರಿನ ಅಂಗಿ ಬೇಕಾಗಿರಬೇಕ್ರಿ ಚಾಚಾ, ಅದಕ್ಕ ಮುನಿಸು" ಎಂದು ಇನ್ಯಾರೋ ಹುಟ್ಟಿಸಿದರು. ಹತ್ತನೇ ನಂಬರು ಚಾಚಾನ ಮಗ ಅಕೀಬನದು. ಆ ಹುಡುಗ ಮರುದಿನವೇ ಅಂಗಿ ತೊಳೆದು, ಇಸ್ತ್ರಿ ಮಾಡಿಸಿ, ನಮ್ಮ ಮನೆಗೆ ತಂದಿಟ್ಟು ಹೋದ. "ವೈನೀ, ಸುಜಯಗ ಇದು ಸ್ವಲ್ಪ ಬಿಗಿ ಆಗಬಹುದು, ಹೊಲಿಗಿ ಬಿಚ್ಚಿಸಿರಿ" ಎಂದಷ್ಟೇ ಹೇಳಿದ. ಅದೀಗ ನನ್ನ ಕಪಾಟಿನಲ್ಲಿ ಕೂಸಿನ ಬಟ್ಟೆಗಳ ಪಕ್ಕದಲ್ಲಿದೆ. ಕಪಾಟು ತೆಗೆದಾಗೊಮ್ಮೆ ಕಣ್ಣಿಗೆ ಬೀಳುತ್ತದೆ.

ನಿಮ್ಮ ದಾಜಿಯ ಪಾಡು ಕೇಳಬೇಡ. ಪೈಪಿನ ಅಂಗಡಿಯಲ್ಲಿ ಗಿರಾಕಿ ಎರಡಿಂಚಿನದು ಕೇಳಿದರೆ ಮೂರಿಂಚಿನದು ಕೊಟ್ಟು ಕಳಿಸುತ್ತಿದ್ದಾರೆ. ತಾಲೀಮಿನ ಟೀಮು ನೋಡಿಕೊಳ್ಳುವವರು ಇವರೇ ಆದ್ದರಿಂದ ನಿನ್ನ ಕೊಲ್ಹಾಪುರದ ಮಂಡಳದವರೊಂದಿಗೆ ಮಾತಾಡುವುದೂ ಇವರ ತಲೆಗೇ ಬಂತು. ಎರಡು ಸೀಜನ್ ಆಡಿಸಿದ ಹುಡುಗನನ್ನು ಅವರು ಸುಲಭಕ್ಕೆ ಬಿಡುವುದಿಲ್ಲ ಎಂದು ಹಿಂದಿನ ರಾತ್ರಿಯೆಲ್ಲ ಕನ್ನಡಿಯ ಮುಂದೆ ಮರಾಠಿ ಮಾತು ಜೋಡಿಸಿಕೊಂಡು ಹೋದರು. ಹೋದರೆ, ಒಂದು ಚಹಾ ಕುಡಿಯುವಷ್ಟರಲ್ಲಿ ಅವರು ಹ್ಞೂಂ ಅಂದುಬಿಟ್ಟರಂತೆ. ನಿನ್ನ ಕಾಲಿನ ಸುದ್ದಿ ಅವರ ಮೂಗಿಗೆ ಎಲ್ಲೋ ಬಡಿದಿದೆ ಎಂದು ನನಗೆ ಆಗಲೇ ಅನ್ನಿಸಿತು. ಇವರು ಮಾತ್ರ ತಮ್ಮ ಮರಾಠಿಯ ಪ್ರತಾಪವೆಂದು ತಿಳಿದು, ಬರುವಾಗ ಓಣಿಗೆಲ್ಲ ಬಾಳೆಹಣ್ಣು ತಂದರು. ಜೈನ ನೇಮ ಬಿಡದ ನಮ್ಮ ಅತ್ತೆ ಅಕ್ಕುತಾಯಿ ಆಗಲೇ ತಮ್ಮ ತಕರಾರು ತೆಗೆದರು: "ಆಟ ಮುಗಿಯೂದು ಹೊತ್ತು ಮುಳುಗಿದ ಮ್ಯಾಲೆ. ಹುಡುಗ ಉಣ್ಣೂದು ಯಾವಾಗಪಾ? ರಾತ್ರಿ ಉಣಿಸಂಗಿಲ್ಲ ನಾ." ನಗಬೇಡ, ನಿನ್ನ ಊಟದ ಸಲುವಾಗಿ ತಾಲೀಮಿನ ಹಿರಿಯರಾದ ಜಿನ್ನಪ್ಪ ಕಾಕಾ ಇಡೀ ಟೀಮಿನ ಪ್ರಾಕ್ಟೀಸನ್ನು ಒಂದು ತಾಸು ಮುಂಚೆ ಇಟ್ಟಿದ್ದಾರೆ. ಬಿಸಿಲಿಗೆ ಬೆವರುತ್ತ ಆಡುತ್ತಿದ್ದಾರೆ, ಒಬ್ಬರೂ ಗೊಣಗಿಲ್ಲ.

ಇನ್ನು ತೆಂಗಿನಕಾಯಿಯ ಮಾತು. ನೀನು ಸಿಟ್ಟಾಗಿ ಫೋನು ಬಂದ್ ಮಾಡಿದ್ದು ಅದಕ್ಕೇ ಎಂದು ನನಗೆ ಗೊತ್ತು, ಆದ್ದರಿಂದ ನಡೆದದ್ದನ್ನು ನನ್ನ ಬಾಯಿಂದಲೇ ಕೇಳು. ಮಂಗಳವಾರ ಮುಂಜಾನೆ ಓಣಿಯ ಹೆಣ್ಣುಮಕ್ಕಳು ಹತ್ತಾರು ಜನ ಕೂಡಿ ಬಂದರು, ಅರಿಶಿನ ಕುಂಕುಮ ಹಚ್ಚಿದರು, ಕುಪ್ಪಸದ ಖಣ, ಅಕ್ಕಿ, ಉತ್ತತ್ತಿ, ಒಂದು ತೆಂಗಿನಕಾಯಿ ಇಟ್ಟು ನನ್ನ ಉಡಿ ತುಂಬಿದರು. ಕೂಸಿಗೆ ಹಲ್ಲು ಬಂದ ಸಂತೋಷಕ್ಕೆ ಬಂದಿದ್ದಾರೆ ಎಂದುಕೊಂಡು ನಾನು ಸೆರಗೊಡ್ಡಿದೆ. ಈ ತಾಲೀಮಿನ ಪದ್ಧತಿಯೇ ಬೇರೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಹೊರಗಿನ ಆಟಗಾರನನ್ನು ಕರೆಯುವಾಗ ಮಾರುತಿಯ ಮುಂದೆ ಇಟ್ಟ ಕಾಯಿಯನ್ನು ಅವನ ಕೈಗೆ ಕೊಡುತ್ತಾರಂತೆ. ಅವನು ಊರಲ್ಲಿಲ್ಲದಿದ್ದರೆ ಅವನ ಅಕ್ಕನದೋ ತಾಯಿಯದೋ ಉಡಿಗೆ ಹಾಕುತ್ತಾರಂತೆ. ಮನಸ್ಸಿಲ್ಲದಿದ್ದರೆ ಒಡೆಯದೆ ವಾಪಸು ಕಳಿಸಬೇಕು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಡೆದರೆ ಮುಗಿಯಿತು, ಆ ವರ್ಷ ಅವನು ತಾಲೀಮಿನವನು. ನಾನು ಏನು ಮಾಡಿದೆ ಗೊತ್ತೇ? ಕಾಯಿ ಒಡೆದು, ತುರಿದು, ಸಕ್ಕರೆ ಹಾಕಿ ಕೊಬ್ಬರಿ ವಡಿ ಮಾಡಿ, ತಟ್ಟೆಯಲ್ಲಿ ಜೋಡಿಸಿ ಮನೆಮನೆಗೆ ಹಂಚಿದೆ. ಜಿನ್ನಪ್ಪ ಕಾಕಾ ಬಾಯಲ್ಲಿ ವಡಿ ಇಟ್ಟುಕೊಂಡೇ ಕಣ್ಣೊರೆಸಿಕೊಂಡು "ಕಾಯಿ ಒಡದಿದ್ದಲ್ದ ಸಿಹಿನೂ ಹಂಚಿದಳಲ್ಲಪಾ ನಮ್ಮ ಸೊಸಿ" ಎಂದರು. ಆಗಲೂ ನನಗೆ ತಿಳಿಯಲಿಲ್ಲ, ಇನ್ನೆರಡು ತಿನ್ನಿ ಎಂದು ತಟ್ಟೆ ಮುಂದೆ ಹಿಡಿದೆ. ಸಂಜೆ ಅತ್ತೆ ಬಿಡಿಸಿ ಹೇಳಿದ ಮೇಲೆ ಅಡುಗೆ ಮನೆಯಲ್ಲಿ ನಿಂತಲ್ಲೇ ನಿಂತೆ. ಅಷ್ಟರೊಳಗೆ ಓಣಿಯ ಹುಡುಗರು ನಿನಗೆ ಶುಭಾಶಯದ ಮೆಸೇಜು ಕಳಿಸಿಯಾಗಿತ್ತು. ಅಕ್ಕ ತನ್ನ ಗಂಡನ ಓಣಿಯ ಸಲುವಾಗಿ ನನ್ನನ್ನು ಒತ್ತೆ ಇಟ್ಟಳು ಎಂದು ನೀನು ತಿಳಿದಿರಬೇಕು. ಹಾಗಿಲ್ಲ ತಮ್ಮಾ. ತಿಳಿಯದೆ ಆದದ್ದು.

ತಿಳಿದಿದ್ದರೆ ಆ ಕಾಯಿಯನ್ನು ಮುಟ್ಟುತ್ತಲೇ ಇರಲಿಲ್ಲ, ಯಾಕೆಂದರೆ ನಿನ್ನ ಮೊಣಕಾಲು ನನಗೆ ಗೊತ್ತು. ದೀಪಾವಳಿಯಾದ ವಾರ ಕೂಸಿಗೆ ಲಸಿಕೆ ಎಂದು ಮನೆಯಲ್ಲಿ ನೆಪ ಹೇಳಿ ನಿನ್ನ ಜೊತೆ ಡಾಕ್ಟರ ಹತ್ತಿರ ಬಂದವಳು ನಾನು. ಒಳಗಿನ ಲಿಗಮೆಂಟು ಅರ್ಧ ಹರಿದಿದೆ, ಆರು ತಿಂಗಳು ಚೆಂಡು ಮುಟ್ಟಬೇಡ, ಈಗ ಆಡಿ ಪೂರ್ತಿ ಹರಿದುಕೊಂಡರೆ ಆಟವಿರಲಿ, ನಡಿಗೆಯೇ ಸೊಟ್ಟಗಾಗುತ್ತದೆ ಎಂದು ಅವರು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಹೊರಗೆ ಬಂದ ಮೇಲೆ ನೀನು ನನ್ನ ಕೈ ಹಿಡಿದು ಕೂಸಿನ ತಲೆಯ ಮೇಲೆ ಇಟ್ಟೆ. "ದಾಜಿಗೆ ಹೇಳಂಗಿಲ್ಲಂತ ಆಣಿ ಮಾಡ ಅಕ್ಕಾ. ಕಾಲ ಹೋದಂವ ಅಂತ ಒಮ್ಮೆ ಹೆಸರ ಬಂದ್ರ ಮುಗೀತು, ಆಮ್ಯಾಲೆ ಯಾರೂ ಕರೆಯಂಗಿಲ್ಲ" ಎಂದೆ. ನಿನ್ನ ಮುಖ ನೋಡಿ ಆಣೆ ಮಾಡಿಬಿಟ್ಟೆ. ವಿಜ್ಞಾನ ಓದಿದವಳು, ಆಣೆಗೀಣೆ ನಂಬುವವಳಲ್ಲ. ಆದರೂ ಬಾಯಿ ತೆಗೆಯಬೇಕೆಂದಾಗಲೆಲ್ಲ ಕೂಸು ಒಮ್ಮೆ ಕೆಮ್ಮುತ್ತದೆ, ನನ್ನ ನಾಲಗೆ ಅಲ್ಲೇ ನಿಲ್ಲುತ್ತದೆ. ನೀನು ತಾಯಿಯಲ್ಲ, ಇದು ನಿನಗೆ ಹೇಗೆ ಹೇಳಲಿ.

ನೀನು ಬರುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ನೀನು ಅದನ್ನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದೂ ನನಗೆ ಗೊತ್ತು. ಅವ್ವ ನೋಡುವ ಹಾಗೆ ಈ ಕಡೆಯ ಮೈದಾನದಲ್ಲಿ ಒಮ್ಮೆ ಆಡಬೇಕೆಂಬ ನಿನ್ನ ಆಸೆ ಚಿಕ್ಕಂದಿನದು. ಈ ಓಣಿಯ ಕರೆ ಬಂದದ್ದು ಕಾಲು ಹೋದ ಹೊತ್ತಿಗೆ. ಪಟ್ಟಿ ಬಿಗಿದು ಕಟ್ಟಿಕೊಂಡರೆ ನಾಲ್ಕು ಮ್ಯಾಚು ದಾಟಬಹುದು ಎಂದು ಒಂದು ಮನಸ್ಸು ಹೇಳುತ್ತಿರಬೇಕು, ಇನ್ನೊಂದು ಹೆದರುತ್ತಿರಬೇಕು. ನಡುವೆ ಕೂತು ಫೋನು ಬಂದ್ ಮಾಡಿಕೊಂಡಿದ್ದೀ. ನಿನ್ನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಬೆಳಗಾದರೆ ಹತ್ತು ಗಂಟೆಗೆ ಪಂದ್ಯಾವಳಿಯ ಕಮಿಟಿಗೆ ಆಟಗಾರರ ಹೆಸರು ಕೊಡಬೇಕು. ಇಷ್ಟೇ ಜನ ಎಂದು ಮಿತಿಯಿದೆ, ಒಬ್ಬ ಒಳಗೆ ಬಂದರೆ ಒಬ್ಬ ಹೊರಗೆ. ನೀನು ಬರುತ್ತೀ ಎಂದು ಅಕೀಬನನ್ನು ಬಿಡುವುದಾಗಿ ತೀರ್ಮಾನವಾಗಿದೆ, ಮೇಲಿನ ಪೇಟೆಯವರು ಎಂಟಕ್ಕೇ ಬಂದು ಅವನನ್ನು ತಮ್ಮ ಟೀಮಿಗೆ ಕರೆದುಕೊಂಡು ಹೋಗುತ್ತಾರೆ. ಚಾಚಾ ತಾನೇ ಕಟ್ಟೆಯ ಮೇಲೆ ನಿಂತು "ಸುಜಯ ಬರತಾನಂದ್ರ ನನ್ನ ಮಗಾ ಕುಂಡ್ರಲಿ, ಗೋಲ ಬಿದ್ದರ ಸಾಕು" ಎಂದನಂತೆ. ಆಮೇಲೆ ಅಂಗಡಿಗೆ ಹೋಗಿ, ಉಕ್ಕಿದ ಚಹಾ ಒಲೆಯ ಮೇಲೆ ಚೆಲ್ಲುತ್ತಿದ್ದರೂ ನೋಡುತ್ತಲೇ ನಿಂತಿದ್ದನಂತೆ. ಸಾಯಿರಾ ಹೇಳಿದಳು, ಅಕೀಬನ ತಂಗಿ.

ಹೀಗಿದೆ ನೋಡು. ಒಮ್ಮೆ ಬಿಟ್ಟುಕೊಟ್ಟರೆ ಅಕೀಬ ಈ ವರ್ಷ ವಾಪಸು ಬರುವುದಿಲ್ಲ. ನೀನು ಬಂದು ಆಡಿದರೆ ನಿನ್ನ ಕಾಲು ಹೋಗುತ್ತದೆ, ಬಂದು ಆಡದೆ ಕೂತರೆ ನಿಮ್ಮ ದಾಜಿ ಹೆಂಡತಿಯ ತಮ್ಮನ ಸಲುವಾಗಿ ಓಣಿಯ ಹುಡುಗನನ್ನು ಕಳೆದರು ಎಂದಾಗುತ್ತದೆ. ಬೆಳಗಾಗುವ ಮುನ್ನ ನೀನೇ ಒಂದು ಮಾತು ಆಡಿದರೆ ಇಷ್ಟೂ ತಪ್ಪುತ್ತದೆ. ಆರು ತಿಂಗಳು ಇಲ್ಲಿಗೇ ಬಂದು ಇರು. ಮಹಡಿಯ ಕೋಣೆ ಬೇಡ, ಮೆಟ್ಟಿಲಿದೆ, ಕೆಳಗೇ ಹಾಸಿಗೆ ಹಾಕುತ್ತೇನೆ. ಅತ್ತೆ ಹೊತ್ತು ಮುಳುಗುವ ಮುಂಚೆ ಉಣಿಸಿಯೇ ಉಣಿಸುತ್ತಾರೆ. ಕೂಸನ್ನು ಎತ್ತಿಕೊಂಡು ಕೂರುವ ಕೆಲಸ ನಿನ್ನದು, ಅದಕ್ಕೆ ಕಾಲು ಬೇಕಾಗಿಲ್ಲ.

ಮೈ ಕಡೆ ಲಕ್ಷ್ಯ ಇಡು. ಪಾರ್ಶ್ವನಾಥ ಸ್ವಾಮಿ ನಿನ್ನನ್ನು ಎತ್ತಿ ನಿಲ್ಲಿಸಲಿ. ಅತ್ತೆಯ ಆಶೀರ್ವಾದ, ನಿನ್ನ ಸೊಸೆಯ ಎರಡು ಹಲ್ಲಿನ ನಗು.

ನಿನ್ನ ಅಕ್ಕ,
ತ್ರಿಶಲಾ

ತಾ.ಕ.: ಲಖನನ ಗಾಡಿ ಚಾಲೂ ಆದ ಸದ್ದು ಕೇಳುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕಾಗದ ಮಡಚುವಷ್ಟರಲ್ಲಿ ನಿಮ್ಮ ದಾಜಿ ನೀರು ಕುಡಿಯಲು ಎದ್ದು ಬಂದರು. ತಂಬಿಗೆ ಹಿಡಿದು ನಿಂತವರು ನನ್ನ ಕಡೆ ನೋಡದೆ "ಸುಜಯನ ಎಡಗಾಲು ಹ್ಯಾಂಗೈತಿ?" ಎಂದು ಕೇಳಿದರು. ಇಷ್ಟು ದಿನದಲ್ಲಿ ನೀನು ಬರುತ್ತೀಯೋ ಇಲ್ಲವೋ ಎಂದು ಕೇಳದವರಿಲ್ಲ, ನಿನ್ನ ಕಾಲು ಹೇಗಿದೆ ಎಂದು ಯಾರೂ ಕೇಳಿರಲಿಲ್ಲ. "ದಸರಾ ಮ್ಯಾಚಿನ್ಯಾಗ ಬಿದ್ದು ಎದ್ದ ಮ್ಯಾಲೆ ಆ ಕಾಲ ಮ್ಯಾಲೆ ಅಂವ ಒಮ್ಮೆನೂ ತಿರುಗಲಿಲ್ಲ. ನಾ ನೋಡೀನಿ. ಕೇಳಿದ್ರ ಖರೇ ಹೇಳಿಬಿಡ್ತೀ ಅಂತ ನಿನ್ನ ಕೇಳಲಿಲ್ಲ" ಎಂದರು. ಕೂಸನ್ನು ತಟ್ಟುತ್ತ ಕೂತೆ. ಅವರು ತಂಬಿಗೆ ಕೆಳಗಿಟ್ಟು, "ಅಂವ ತನ್ನ ಬಾಯಲೇ ಒಂದು ಮಾತು ಹೇಳಿದ್ರ ಅಕೀಬನ್ನ ನಾ ಬಿಡಂಗಿಲ್ಲ, ಓಣಿಗೆ ನಾ ಉತ್ತರಾ ಕೊಡ್ತೀನಿ" ಎಂದು ಮಹಡಿ ಹತ್ತಿ ಹೋದರು. ಫೋನು ಅವರ ಕೈಯಲ್ಲೇ ಇದೆ, ಮೇಲೆ ಅಡ್ಡಾಡುವ ಸಪ್ಪಳ ಕೇಳುತ್ತಿದೆ. ತಮ್ಮಾ, ಇದನ್ನು ಓದಿದ ಕೂಡಲೇ ಫೋನು ಮಾಡು. ನನಗೆ ಬೇಡ, ಅವರಿಗೇ ಮಾಡು. ಬೈಯುವುದಿಲ್ಲ. ಮೊದಲ ರಿಂಗಿಗೇ ಎತ್ತುತ್ತಾರೆ. ಬೆಳಗಾಗುವುದರೊಳಗೆ ಮಾಡು.