ಕಣ್ಣಿಗೆ ತಂಪಾದ ದೀಪ

ಜನವರಿ 1, ಗುರುವಾರ, ಬೆಳಿಗ್ಗೆ 6

ಇನ್ನೂ ಹಲ್ಲುಜ್ಜಿಲ್ಲ, ಆಗಲೇ ಗ್ರೂಪ್‌ನಲ್ಲಿ ನಲವತ್ತು ಮೆಸೇಜು. ರಾಯಚೂರಿನ ಕಾಲೇಜು ಬಿಟ್ಟು ಹನ್ನೆರಡು ವರ್ಷವಾದರೂ ಈ ಚಟ ಬಿಟ್ಟಿಲ್ಲ. ಹೊಸ ವರ್ಷದ ದಿನ ಪ್ರತಿಯೊಬ್ಬರೂ ತಮಗೆ ಸಿಕ್ಕ ಒಂದು ಒಳ್ಳೆಯ ವಸ್ತುವನ್ನು ಉಳಿದವರಿಗೆ ಶಿಫಾರಸು ಮಾಡಬೇಕು. ನಿಯಮ ಒಂದೇ: ಕನಿಷ್ಠ ಮೂರು ತಿಂಗಳು ಸ್ವತಃ ಬಳಸಿರಬೇಕು.

ಗದ್ವಾಲದ ಶೈಲಜಾಳದು ಸಾರು ಸೋರದ ಟಿಫಿನ್ ಡಬ್ಬಿ. "ಬ್ಯಾಂಕಿನಾಗ ಮೂರು ಫೈಲು ಸಾರು ಕುಡಿದ್ವು, ಆಮ್ಯಾಲೆ ಇದು ಸಿಕ್ತು." ಮಕ್ತಲದ ಬಸವಪ್ರಸಾದ ಬಟ್ಟೆ ಅಂಗಡಿಯವನು; ಅವನದು ಗಾಣದ ಶೇಂಗಾ ಎಣ್ಣೆ. ರೇಟು ನೋಡಿದರೆ ಗಾಣದ ಎಣ್ಣೆ ಅಲ್ಲ, ಕಾಣದ ಎಣ್ಣೆ — ಎಂದು ಬರೆದೆ. ಯಾರೂ ನಗಲಿಲ್ಲ. ಈ ಚಳಿಗೆ ಜೋಕೂ ಗಡ್ಡೆ ಕಟ್ಟುತ್ತದೆ.

ನನ್ನದು ದೀಪ. ಬಾಗುವ ಕತ್ತು, ಜೇನಿನ ಬಣ್ಣದ ಬೆಳಕು. ಡಬ್ಬಿಯ ಮೇಲೆ 'ನೀಲಿ ಕಿರಣವಿಲ್ಲ, ಕಣ್ಣಿಗೆ ತಂಪು' ಎಂದು ಇದೆ. ಮಾವನ ಮಗ್ಗದ ಕೋಣೆಗೆ ಕಿಟಕಿ ಇಲ್ಲ. ಮಿಣುಕುವ ಟ್ಯೂಬ್‌ಲೈಟ್ ತೆಗೆಸಿ ಇದನ್ನು ಕಟ್ಟಿಸಿದೆ... ಕಟ್ಟಿಸಿ ನಾಲ್ಕು ದಿನ. ಮೂರು ತಿಂಗಳು ಎಂದು ಬರೆದೆ. ವರ್ಷದ ಮೊದಲ ಸುಳ್ಳು, ಉದ್ದೇಶ ಒಳ್ಳೆಯದು. ಇಬ್ಬರೂ ಆಗಲೇ ಆರ್ಡರ್ ಮಾಡಿದರು.

ಲೆಕ್ಚರರ್ ಸೊಸೆಯ ದೀಪ ಕಂಡು ಮಾವನಿಗೂ ಖುಷಿ. "ಏನವ್ವಾ ಮೇಡಂ, ಮಗ್ಗಕ್ಕ ಮದುವಿಮನಿ ಲೈಟ್ ಹಾಕೀದಿ!"

ಜನವರಿ 12, ಸೋಮವಾರ

ಮಾವ ನೇಯ್ದದ್ದನ್ನು ಕೊಳ್ಳುವ ಸಾಹುಕಾರ ಮೂರು ಸೀರೆ ಹಿಂದಕ್ಕೆ ಕಳಿಸಿದ್ದಾನೆ.

ನಮ್ಮ ನಾರಾಯಣಪೇಟೆಯಲ್ಲಿ ಒಮ್ಮೆ ಮಗ್ಗಕ್ಕೆ ಹಾಸು, ಅಂದರೆ ಉದ್ದೆಳೆಯ ನೂಲು, ಏರಿಸಿದರೆ ಎಂಟು ಸೀರೆ. ಈ ಸಲ ನಾಲ್ಕು ಬದನೆ ಬಣ್ಣ, ನಾಲ್ಕು ಮರೂನ್. ಮೊದಲ ನಾಲ್ಕನ್ನು ಮೊನ್ನೆ ನಸುಕಿನಲ್ಲೇ ಕೊಯ್ದು, ದೀಪದ ಅಡಿಯಲ್ಲೇ ಮಡಚಿ ಕೊಟ್ಟಿದ್ದರು. ಮೂರರಲ್ಲಿ ಬದನೆಯ ನಡುವೆ ಗೇಣಗಲ ಮರೂನ್ ಪಟ್ಟಿ. ಹರಿದ ಅಂಗಿಗೆ ತೇಪೆ ಹಾಕಿದಂತೆ. ಮಾವ ಬಿಚ್ಚಿಯೂ ನೋಡದೆ ಚೀಲಕ್ಕೆ ತುರುಕಿದರು.

ನೂಲು ಸುತ್ತಿದ ಕಂಡಿಕೆಗಳನ್ನು ಮಾವ ಬಣ್ಣಕ್ಕೊಂದು ಬುಟ್ಟಿ ಮಾಡಿ ಇಟ್ಟುಕೊಂಡವರಲ್ಲ. ಎಲ್ಲ ಒಂದೇ ಬುಟ್ಟಿ. ಕೈ ಹೋಗುವಷ್ಟರಲ್ಲಿ ಕಣ್ಣು ಆರಿಸಿರುತ್ತದೆ, ಕಂಡಿಕೆ ಲಾಳಿಯೊಳಗೆ ಕೂತಿರುತ್ತದೆ. ನಲವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ.

"ಭೀಮಯ್ಯಾ, ಒಮ್ಮೆ ಕಣ್ಣು ತೋರಸ್ಕೋ" ಮಾವನಿಗೆ ಅಂದನಂತೆ ಸಾಹುಕಾರ. ಮೆತ್ತಗೆ ಅಂದನಂತೆ. ಬೈದಿದ್ದರೆ ಚೆನ್ನಾಗಿತ್ತು.

ಮಾವನ ಅಣ್ಣನಿಗೆ ಅರವತ್ತಕ್ಕೆ ಕಣ್ಣು ಹೋಗಿತ್ತು. ಮಾವನಿಗೆ ಈಗ ಅರವತ್ತೊಂದು. ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಎತ್ತದೇ ಇರಲು ಎಲ್ಲರೂ ಬಹಳ ಮಾತಾಡಿದರು.

ಜನವರಿ 19, ಸೋಮವಾರ

ಸಂಕ್ರಾಂತಿ ಬಂತು, ಹೋಯಿತು. ಸಜ್ಜೆ ರೊಟ್ಟಿ ಕೂಡ ಸಪ್ಪೆ.

ಈಗ ಮಾವ ಪ್ರತಿ ಕಂಡಿಕೆಗೂ ಅತ್ತೆಯನ್ನು ಕೂಗುತ್ತಾರೆ. ಅತ್ತೆ ಅಂಗಳಕ್ಕೆ ಒಯ್ದು ನೋಡಿ ತಂದು ಕೊಡುತ್ತಾರೆ. ನಲವತ್ತು ವರ್ಷ ಯಾರನ್ನೂ ಕೂಗದ ಮನುಷ್ಯ.

ರಾತ್ರಿಯ ಊಟಕ್ಕೆ ಕೂತಾಗ ಅಂದರು, "ಈ ಹಾಸು ಮುಗೀಲಿ. ಆಮ್ಯಾಲೆ ಕುಣಿ ಮುಚ್ಚಿಬಿಡ್ರಿ."

ಕುಣಿ ಎಂದರೆ ಮಗ್ಗದ ಮುಂದೆ ಕಾಲು ಇಳಿಬಿಟ್ಟು ಕೂರುವ ಗುಂಡಿ. ಅದನ್ನು ಮಣ್ಣು ಹಾಕಿ ಮುಚ್ಚಿದ ಮೇಲೆ ಮತ್ತೆ ತೆಗೆದವರನ್ನು ಈ ಓಣಿಯಲ್ಲಿ ನಾನು ಕಂಡಿಲ್ಲ.

ಅತ್ತೆ ತಿರುಪತಮ್ಮ ತಟ್ಟೆ ಕುಕ್ಕಿದರು. "ಕುಣಿ ಮುಚ್ಚಿ ಎಲ್ಲಿ ಕೂಡ್ತಿ? ನನ್ನ ತಲಿ ಮ್ಯಾಲೇನು?"

"ಇಷ್ಟು ದಿನ ಮತ್ತ ಎಲ್ಲಿ ಕುಂತಿದ್ದೆ?"

ನಕ್ಕೆವು. ಅತ್ತೆ ನೀರು ತರಲು ಒಳಗೆ ಹೋದವರು ನೀರಿಲ್ಲದೆ ಬಂದರು. ಮೂಗು ಕೆಂಪಗಿತ್ತು.

ಗ್ರೂಪ್‌ನಲ್ಲಿ ಕಣ್ಣಿನ ಡಾಕ್ಟರ್ ಕೇಳಿದೆ. ಶೈಲಜಾ ಒಂದೇ ನಿಮಿಷದಲ್ಲಿ: "ಗದ್ವಾಲಕ್ಕ ಕರ್ಕೊಂಡು ಬಾ. ನಮ್ಮವ್ವ ಎರಡು ವರ್ಷದಿಂದ ಇವ್ರ ಹತ್ರನೇ ತೋರಸ್ತಾಳ. ರೂಲ್ ಪ್ರಕಾರನೇ ಹೇಳಾಕತ್ತೀನಿ." ರೂಲ್ ಅಂದಾಗ ಚುರುಕ್ಕೆಂದಿತು. ಏಕೋ.

ಜನವರಿ 24, ಶನಿವಾರ, ಮಧ್ಯಾಹ್ನ 3. ಶೈಲಜಾಳ ಮನೆ, ಗದ್ವಾಲ

ಪೊರೆ ಇಲ್ಲ! ನರ ಸರಿ, ಒತ್ತಡ ಸರಿ. ಓದುವ ಕನ್ನಡಕದ ನಂಬರ್ ಮಾತ್ರ ಬದಲಾಗಿದೆಯಂತೆ.

ಬಣ್ಣದ ಚುಕ್ಕಿಗಳ ಪುಸ್ತಕ ಕೊಟ್ಟರು. ಮಾವ ಅಂಕಿಗಳನ್ನೆಲ್ಲ ಪಟಪಟ ಓದಿದರು. ಅಷ್ಟಕ್ಕೆ ನಿಲ್ಲಲಿಲ್ಲ. ನರ್ಸ್ ಕಡೆ ತಿರುಗಿ, "ತಂಗೀ, ಸೀರಿಗೂ ರವಿಕಿಗೂ ಕೂಡಿಲ್ಲ ನೋಡು. ರವಿಕಿ ಬಣ್ಣದಾಗ ಒಂದು ಮುಳುಗು ಕಮ್ಮಿ ತಿಂದೈತಿ." ಆಕೆ ಸೆರಗು ಎತ್ತಿ ಹೋಲಿಸಿ ನೋಡಿದಳು. ಹೌದು! ಡಾಕ್ಟರ್ ಪುಸ್ತಕ ಮುಚ್ಚಿದರು. "ತಾತಾ, ಇನ್ನ ನೀವೇ ನನಗ ಟೆಸ್ಟ್ ಮಾಡ್ರಿ."

ಇಲ್ಲಿಗೆ ಬಂದು ಮಾವ ಶೈಲಜಾಳ ಕಟ್ಟೆಯ ಮೇಲೆ ಕೂತು ಚೀಲದಿಂದ ಹಿಂದೆ ಬಂದ ಸೀರೆಯೊಂದನ್ನು ತೆಗೆದರು. ಡಾಕ್ಟರಿಗೆ ತೋರಿಸಲೆಂದು ತಂದದ್ದು. ಬಿಸಿಲಿಗೆ ಹಿಡಿದರು. "ಇಲ್ಲಿ ಢಾಳಾಗಿ ಕಾಣ್ತೈತಿ. ಮಗ್ಗದಾಗ ಯಾಕ ಕಾಣಲಿಲ್ಲ?"

ಮಜ್ಜಿಗೆ ತಂದ ಶೈಲಜಾ ನಿಂತುಬಿಟ್ಟಳು. "ನವನೀತಾ... ನೀ ಹೇಳಿದ ದೀಪದಾಗ ನನ್ನ ನೇರಳೆ ನೈಟಿ ಕಂದು ಕಾಣ್ತೈತಲೇ. ನಾ ಸೋಪಿನ ಪುಡಿಗೆ ಬೈದೆ."

ಮಜ್ಜಿಗೆ ಲೋಟ ಕೆಳಗಿಟ್ಟು ಚೀಲ ಎತ್ತಿಕೊಂಡೆ. ಬಸ್ಸಿಗೆ ಹೊತ್ತಾಯಿತು.

ಅದೇ ದಿನ, ಸಂಜೆ 7

ಮನೆ ಮುಟ್ಟಿದವಳೇ ಮಗ್ಗದ ಕೋಣೆಗೆ ಹೋದೆ. ದೀಪ ಹಾಕಿದೆ. ಬುಟ್ಟಿಯಿಂದ ಎರಡು ಕಂಡಿಕೆ ಎತ್ತಿ ಹಿಡಿದೆ. ಅವಳಿ ಜವಳಿ. ನನ್ನ ಮೂವತ್ಮೂರರ ಕಣ್ಣಿಗೂ ಒಂದೇ ಬಣ್ಣ. ದೀಪ ಆರಿಸಿ ಫೋನಿನ ಟಾರ್ಚ್ ಹಾಕಿದೆ. ಒಂದು ಬದನೆ, ಒಂದು ಮರೂನ್.

ನೀಲಿಯೇ ಇಲ್ಲದ ಬೆಳಕಿನಲ್ಲಿ ಬದನೆಯೊಳಗಿನ ನೀಲಿ ಎಲ್ಲಿಂದ ಕಾಣಬೇಕು! ದೀಪದ ಕೆಳಗೆ ಕತ್ತಲೆ ಎಂದು ಕ್ಲಾಸಿನಲ್ಲಿ ಗಾದೆ ಬಿಡಿಸಿ ಹೇಳುವ ಲೆಕ್ಚರರ್ ನಾನೇ. ಈ ಪುಸ್ತಕದ ಬದನೆಕಾಯಿಗೆ ಮಗ್ಗದ ಬದನೆ ತಿಳಿಯಲಿಲ್ಲ.

ಹೇಳಿಬಿಟ್ಟೆ. ಎಲ್ಲವನ್ನೂ, ನಾಲ್ಕು ದಿನಕ್ಕೆ ಮೂರು ತಿಂಗಳು ಎಂದದ್ದನ್ನೂ. ಮಾವ ಎರಡೂ ಕಂಡಿಕೆಗಳನ್ನು ದೀಪದಡಿ ಹಿಡಿದರು, ಹೊರಗೆ ಒಯ್ದರು, ಮತ್ತೆ ಒಳಗೆ ತಂದರು. ಆಮೇಲೆ ಮೆಲ್ಲಗೆ:

"ಹನ್ನೆರಡು ದಿನಾ, ಯಾರೂ ಇಲ್ಲದಾಗ, ಕಣ್ಣು ಮುಚ್ಚಿ ಮನ್ಯಾಗ ಅಡ್ಡಾಡಿ ರೂಢಿ ಮಾಡ್ಕೊಂಡೀನವ್ವಾ. ಬಚ್ಚಲಿಗೆ ಹದಿನಾಲ್ಕು ಹೆಜ್ಜಿ. ಬಾಗಿಲಿಗೆ ಒಂಬತ್ತು."

"ತಪ್ಪಾಯ್ತು ಮಾವಾ" ಎಂದೆ.

"ತಪ್ಪು ಇರಲಿ ಬಿಡು. ನನ್ನ ಕಣ್ಣು ಅದಾವು! ಕಣ್ಣಿಲ್ಲದ್ದು ನಿನ್ನ ದೀಪಕ್ಕ!" ನಗತೊಡಗಿದರು. ನಕ್ಕು ಕೆಮ್ಮಿ, ಕೆಮ್ಮಿ ನಕ್ಕು. ಅತ್ತೆ ಬಂದು ಅವರ ಬೆನ್ನು ತಿಕ್ಕುತ್ತಾ ನನಗಂದರು, "ಮದ್ಲ ಅದನ್ನ ಕಿತ್ತು ಒಗಿ. ನಿನ್ನ ನೂರು ಉಪನ್ಯಾಸಕ್ಕಿಂತ ನಮ್ಮ ಹಳೇ ಟ್ಯೂಬೇ ಛಲೋ ಇತ್ತು." ಬೈಗುಳ ಇಷ್ಟು ಸಿಹಿ ಎಂದು ಗೊತ್ತಿರಲಿಲ್ಲ.

ಜನವರಿ 25, ಭಾನುವಾರ

ಗ್ರೂಪ್‌ನಲ್ಲಿ ತಪ್ಪೊಪ್ಪಿಗೆ. ಬಸವಪ್ರಸಾದ ಮೆಸೇಜಲ್ಲ, ಫೋನನ್ನೇ ಮಾಡಿದ.

"ಅಯ್ಯೋ ಮಹಾತಾಯಿ, ಅದಕ್ಕೇನು! ಕೌಂಟರಿನ ಮ್ಯಾಲೆ ನಿನ್ನ ದೀಪ ನೇತು ಹಾಕೀನಿ. ಮಕ್ತಲದ ಹೆಣ್ಮಕ್ಕಳೆಲ್ಲ ಮ್ಯಾಚಿಂಗ್ ರವಿಕಿ ಪೀಸ್ ತಂದು ಮಾರಿಗೆ ಒಗ್ಯಾಕತ್ತಾರ!"

"ಮ್ಯಾಚ್ ಸೋತಿ ಅನ್ನು."

"ನಗಬ್ಯಾಡ. ನಾ ಅವ್ರಿಗೇ ಕಣ್ಣು ತೋರಸ್ಕೋರಿ ಅಂದೀನಿ!"

ಶೈಲಜಾ ಮಾತ್ರ ದೀಪ ತೆಗೆಯುವುದಿಲ್ಲವಂತೆ. ಆ ಬೆಳಕಿನಲ್ಲಿ ಗಂಡ ಚೆಂದ ಕಾಣುತ್ತಾನಂತೆ. ನನಗೆ ಶಿಕ್ಷೆ: ಎರಡು ವರ್ಷ ಶಿಫಾರಸು ಬಂದ್. ಒಪ್ಪಿದೆ. ಶಿಕ್ಷೆಯಾದ ಮೇಲೆ ಹಸಿವಾಯಿತು. ಎರಡು ವಾರದ ನಂತರ ಮೊದಲ ಸಲ.

ಫೆಬ್ರವರಿ 2, ಸೋಮವಾರ

ಹಿಂದೆ ಬಂದ ಸೀರೆಯಲ್ಲಿ ಒಂದನ್ನು ಉಟ್ಟು ಕಾಲೇಜಿಗೆ ಹೋದೆ. ತಪ್ಪು ಮಾಡಿದವಳೇ ಹೊರಬೇಕು. "ಮೇಡಂ, ಹೊಸಾ ಡಿಸೈನಾ?" ಎಂದರು ಹುಡುಗಿಯರು. ಅಲ್ಲ ಎಂದೆ. ನಂಬಲಿಲ್ಲ.

ದಾಮರಗಿದ್ದದ ತಮ್ಮ ಶಾಲೆಗೆ ರಜೆ ಹಾಕಿ ನನ್ನ ಗಂಡ ರಾಜಕುಮಾರ ಗಾರೆಯ ಗೌಂಡಿಯೊಡನೆ ಮಾಳಿಗೆ ಏರಿದ್ದಾರೆ. ಮಗ್ಗದ ನೇರಕ್ಕೆ ಬೆಳಕಿಂಡಿ ಕೊರೆಸುತ್ತಿದ್ದಾರೆ. ಅವರ ತಲೆಯ ತುಂಬ ಸುಣ್ಣ. ಮಾವ ಕೆಳಗಿನಿಂದ: "ಇನ್ನ ಒಂದು ಗೇಣು ಇತ್ತ! ನನಗ ಕಾಣ್ತೈತಿ, ನಿನಗ ಕಾಣಂಗಿಲ್ಲೇನು?"

ಈಗ ದಿನಕ್ಕೆ ಹತ್ತು ಸಲ ಆ ಮಾತು. ಯಾರಿಗೂ ಬೇಸರವಿಲ್ಲ.

ಫೆಬ್ರವರಿ 8, ಭಾನುವಾರ, ಬೆಳಿಗ್ಗೆ 7

ಎಂಟನೆಯ ಸೀರೆ ಗುರುವಾರವೇ ಇಳಿಯಿತು. ಕುಣಿ ಮುಚ್ಚುವ ಮಾತು ಯಾರೂ ತೆಗೆಯಲಿಲ್ಲ. ಬದಲಿಗೆ ಈಗ ಓಣಿಯ ಈ ತುದಿಯಿಂದ ಆ ತುದಿಗೆ ಹೊಸ ಹಾಸಿನ ನೂಲು ಎಳೆದಿದ್ದಾರೆ, ಬಿಸಿಲಲ್ಲಿ, ಹಳದಿ. ಅತ್ತೆ ನೂಲಿಗೆ ಗಂಜಿ ಸವರುವ ಕುಂಚ ಹಿಡಿದಿದ್ದಾರೆ. ಸೈಕಲ್ಲುಗಳು ಸುತ್ತು ಹಾಕಿ ಹೋಗುತ್ತಿವೆ. ಮಾವ ನಡುವೆ ಬಗ್ಗಿ ನಡೆಯುತ್ತಾ, ಹರಿದ ಎಳೆ ಹುಡುಕಿ ಗಂಟು ಹಾಕುತ್ತಿದ್ದಾರೆ. ಕೂದಲಿನಂಥ ಎಳೆ. ನನಗೆ ಇಲ್ಲಿಂದ ನೂಲೇ ಕಾಣುತ್ತಿಲ್ಲ, ಗಾಳಿ ಹೊಳೆದಂತಿದೆ.

"ಏ ಮೇಡಂ! ಬರಿಯೋದು ಸಾಕು, ಆ ಕಡಿ ಹಿಡಿ ಬಾ! ಗಾಳಿ ಎದ್ದೈತಿ!"

ಹೋಗಬೇಕು. ಇದು ಮುಗಿದರೆ ಮುಂದಿನದಕ್ಕೂ ನೂಲು ಹೇಳಿ ಬಂದಿದ್ದಾರಂತೆ, ಅದರ ಮುಂದಿನದಕ್ಕೂ ಬಣ್ಣ ಯಾವುದೆಂದು ಅತ್ತೆಯ ಜೊತೆ ಜಗಳ ಶುರುವಾಗಿದೆ. ಅತ್ತೆ ಗಿಳಿಹಸಿರು ಅಂತಾರೆ, ಮಾವ ಮಾತ್ರ ಮತ್ತೆ ಬದನೆಯೇ ಅಂತಾರೆ.